ಎದೆಹಾಲಿಗೆ ಇಲ್ಲದ ಬಿರುದು ಯಾಕೆ?

"ಎದೆಹಾಲು ಕುಡಿದ ಮಕ್ಕಳಿಗೆ ಅಲರ್ಜಿ ಬರಲ್ಲ."

ಐದೇ ಪದಗಳ ಈ ವಾಕ್ಯ ನಿಮಗೂ ಪರಿಚಯ ಇರುತ್ತೆ. ಹೆರಿಗೆ ಆಸ್ಪತ್ರೆಯ ಗೋಡೆ ಮೇಲೆ ಓದಿರ್ತೀರಿ. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ ಬಂದಾಗ ಪತ್ರಿಕೆಗಳ ಪುರವಣಿಯಲ್ಲಿ ನೋಡಿರ್ತೀರಿ. ಫ್ಯಾಮಿಲಿ ಗ್ರೂಪಿಗೆ ಯಾರೋ ದೊಡ್ಡಮ್ಮ ಎರಡು ಗುಲಾಬಿ ಹೂವಿನ ಜೊತೆ ಫಾರ್ವರ್ಡ್ ಮಾಡಿರ್ತಾರೆ. ಸಿನಿಮಾಕ್ಕೆ, ಪುಸ್ತಕಕ್ಕೆ, ಮೊನ್ನೆ ಶುರುವಾದ ದೋಸೆ ಹೋಟೆಲಿಗೂ ವಿಮರ್ಶೆ ಬರೆಯೋ ನಾವು ಇಂಥ ವಾಕ್ಯಗಳಿಗೆ ಯಾಕೆ ಬರೆಯಲ್ಲ? ಸಿನಿಮಾ ಚೆನ್ನಾಗಿಲ್ಲದಿದ್ರೆ ಮುನ್ನೂರು ರೂಪಾಯಿ ಹೋಗುತ್ತೆ ಅಷ್ಟೆ. ಈ ವಾಕ್ಯ ನಂಬಿಕೊಂಡು ಮನೆಗೆ ಬರೋ ಬಾಣಂತಿಗೆ ಹೋಗೋದು ಅದಕ್ಕಿಂತ ದೊಡ್ಡದು. ಆದ್ದರಿಂದ ಇವತ್ತು ಈ ಐದು ಪದಗಳ ವಿಮರ್ಶೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಅರ್ಧ ಓದಿ ಬೈಯೋಕೆ ಶುರು ಮಾಡ್ತೀರಿ. ನಾನು ಎದೆಹಾಲಿನ ವಿರೋಧಿ ಅಲ್ಲ. ಮಗಳಿಗೆ ಹದಿನಾರು ತಿಂಗಳು ಹಾಲೂಡಿಸಿದವಳು, ಅದರಲ್ಲಿ ಹತ್ತು ತಿಂಗಳು ಆಫೀಸು, ಟ್ರಾಫಿಕ್ಕು, ಬ್ರೆಸ್ಟ್ ಪಂಪು ಎಲ್ಲದರ ಜೊತೆ. ನನ್ನ ತಕರಾರು ಹಾಲಿನ ಮೇಲಲ್ಲ, ಅದರ ಜೊತೆ ಕೊಡೋ ಗ್ಯಾರಂಟಿ ಕಾರ್ಡಿನ ಮೇಲೆ. ಮಿಕ್ಸಿ ಕೆಟ್ಟರೆ ಗ್ಯಾರಂಟಿ ಕಾರ್ಡ್ ಹಿಡ್ಕೊಂಡು ಅಂಗಡಿಯವನನ್ನ ಕೇಳ್ತೀವಿ. ಈ ಗ್ಯಾರಂಟಿ ಕೆಟ್ಟರೆ ಪೋಸ್ಟರ್ ಅಂಟಿಸಿದವರನ್ನ ಯಾರೂ ಕೇಳಲ್ಲ. ಎಲ್ಲರೂ ತಿರುಗೋದು ಅಮ್ಮನ ಕಡೆಗೆ: "ನೀನೇನು ತಿಂದೆ?"

ಹಾಗಂತ ಈ ವಾಕ್ಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 1936ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಗ್ರೂಲಿ ಮತ್ತು ಸ್ಯಾನ್‌ಫರ್ಡ್ ಅನ್ನೋ ಇಬ್ಬರು ವೈದ್ಯರು 20,061 ಕೂಸುಗಳ ದಾಖಲೆ ಒಟ್ಟುಮಾಡಿ ನೋಡಿದರು. ಹಸುವಿನ ಹಾಲಲ್ಲಿ ಬೆಳೆದ ಕೂಸುಗಳಿಗೆ ಎಕ್ಸಿಮಾ, ನಮ್ಮ ಅಜ್ಜಿಯರು ಇಸುಬು ಅಂತಿದ್ರಲ್ಲ ಅದು, ಎದೆಹಾಲು ಕುಡಿದ ಕೂಸುಗಳಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಕಂಡಿತು. ಏಳು ಪಟ್ಟು ಅಂದರೆ ಸಣ್ಣ ಮಾತಲ್ಲ. ಕಾರಣವೂ ಸುಲಭವಾಗಿ ಹೊಂದಿಕೊಳ್ಳುತ್ತೆ. ಅಲರ್ಜಿ ಅಂದರೆ ದೇಹದ ಕಾವಲುಗಾರ ಮನೆಗೆ ಬಂದ ನೆಂಟನನ್ನ ಕಳ್ಳ ಅಂತ ಹಿಡ್ಕೊಂಡು ಹೊಡೆಯೋದು. ಎದೆಹಾಲಲ್ಲಿ ಐಜಿಎ ಅನ್ನೋ ಪ್ರತಿಕಾಯ ಇದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗೋ ವಿಶೇಷ ಸಕ್ಕರೆಗಳಿವೆ. ಇವು ಕಾವಲುಗಾರನಿಗೆ ಬುದ್ಧಿ ಕಲಿಸ್ತಾವೆ ಅಂತ ಅಂದುಕೊಳ್ಳೋದರಲ್ಲಿ ತಪ್ಪೇನಿಲ್ಲ.

1995ರಲ್ಲಿ ಫಿನ್ಲೆಂಡಿನಿಂದ ಇನ್ನೊಂದು ವರದಿ ಬಂತು. 150 ಮಕ್ಕಳನ್ನ ಹದಿನೇಳು ವಯಸ್ಸಿನವರೆಗೆ ಹಿಂಬಾಲಿಸಿದ್ದರು. ಆರು ತಿಂಗಳಿಗಿಂತ ಹೆಚ್ಚು ಎದೆಹಾಲು ಕುಡಿದವರಲ್ಲಿ ಅಲರ್ಜಿ ಕಾಯಿಲೆಗಳು ಕಡಿಮೆ. ಸರಿ, ವಾಕ್ಯ ಗೆದ್ದಿತು ಅಂದ್ಕೊಳ್ಳೋಷ್ಟರಲ್ಲಿ 2002ರಲ್ಲಿ ನ್ಯೂಜಿಲೆಂಡಿನ ಡನೀಡನ್ ಊರಿನ ಫಲಿತಾಂಶ ಬಂತು. ಅಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಇಪ್ಪತ್ತಾರು ವಯಸ್ಸಿನವರೆಗೆ ನೋಡಿದ್ದರು. ನಾಲ್ಕು ವಾರಕ್ಕಿಂತ ಹೆಚ್ಚು ಎದೆಹಾಲು ಕುಡಿದವರಲ್ಲೇ ಅಸ್ತಮಾ ಹೆಚ್ಚು!

ಅದೇ ಪ್ರಶ್ನೆ, ಎರಡು ದೇಶ, ಎರಡು ಉತ್ತರ. ಯಾರೋ ಸುಳ್ಳು ಹೇಳ್ತಿದಾರೆ ಅಂತಲ್ಲ. ತೊಂದರೆ ಇರೋದು ಲೆಕ್ಕ ಹಾಕೋ ರೀತಿಯಲ್ಲಿ. ಎದೆಹಾಲು ಕೊಡೋ ಅಮ್ಮ ಮತ್ತು ಬಾಟಲಿ ಕೊಡೋ ಅಮ್ಮ ಹಾಲಿನ ವಿಷಯದಲ್ಲಷ್ಟೇ ಬೇರೆ ಅಲ್ಲ. ಓದು ಬೇರೆ, ಸಂಬಳ ಬೇರೆ, ಮನೆಯಲ್ಲಿ ಸಿಗರೇಟು ಸೇದೋರು ಇದಾರೋ ಇಲ್ವೋ ಅನ್ನೋದೂ ಬೇರೆ. ಇನ್ನೊಂದು ಸೂಕ್ಷ್ಮ ಇದೆ. ಅಪ್ಪನಿಗೆ ಉಬ್ಬಸ, ಅತ್ತೆಗೆ ಧೂಳು ಕಂಡರೆ ಸೀನು ಅನ್ನೋ ಮನೆಯ ಸೊಸೆ "ನನ್ನ ಮಗುಗಾದ್ರೂ ಬರದೇ ಇರಲಿ" ಅಂತ ಹಟ ಹಿಡಿದು ಹೆಚ್ಚು ದಿನ ಹಾಲೂಡಿಸ್ತಾಳೆ. ಮಗುವಿಗೆ ಆಗಲೇ ಚರ್ಮ ಕೆಂಪಾಗೋಕೆ ಶುರುವಾಗಿದ್ರಂತೂ ಬಿಡಿಸೋ ಮಾತೇ ಎತ್ತಲ್ಲ. ಆ ಮಗುವಿಗೆ ಮುಂದೆ ಉಬ್ಬಸ ಬಂದರೆ ಅದು ವಂಶದಿಂದ ಬಂದಿದ್ದು. ಆದರೆ ಕಂಪ್ಯೂಟರ್ ಮುಂದೆ ಕೂತವನ ಎಕ್ಸೆಲ್ ಹಾಳೆಯಲ್ಲಿ "ಹೆಚ್ಚು ಎದೆಹಾಲು, ಹೆಚ್ಚು ಅಸ್ತಮಾ" ಅಂತ ಕಾಣುತ್ತೆ. ಡೇಟಾ ಜೊತೆ ಕೆಲಸ ಮಾಡೋ ನಿಮಗೆ ಈ ಗುಂಡಿ ಚೆನ್ನಾಗಿ ಗೊತ್ತಿರುತ್ತೆ.

ಸರಿಯಾದ ಉತ್ತರ ಬೇಕಾದ್ರೆ ಚೀಟಿ ಎತ್ತಬೇಕು. ಅರ್ಧ ಕೂಸುಗಳಿಗೆ ಎದೆಹಾಲು, ಅರ್ಧಕ್ಕೆ ಡಬ್ಬಿ ಹಾಲು. ಆದರೆ ಹಾಗೆ ಮಾಡೋದು ಅನ್ಯಾಯ. ಇದಕ್ಕೊಂದು ಜಾಣ ದಾರಿ ಹುಡುಕಿದ್ದು ಮೈಕೆಲ್ ಕ್ರೇಮರ್ ಅನ್ನೋ ಕೆನಡಾದ ಸಂಶೋಧಕ ಮತ್ತು ಬೆಲಾರೂಸ್ ದೇಶದ ವೈದ್ಯರು. 1996-97ರಲ್ಲಿ ಅಲ್ಲಿನ 31 ಹೆರಿಗೆ ಆಸ್ಪತ್ರೆಗಳ ನಡುವೆ ಚೀಟಿ ಎತ್ತಿದರು, ತಾಯಂದಿರ ನಡುವೆ ಅಲ್ಲ. ಕೆಲವು ಆಸ್ಪತ್ರೆಗಳ ಸಿಬ್ಬಂದಿಗೆ ಹಾಲೂಡಿಸೋ ತಾಯಂದಿರಿಗೆ ನೆರವಾಗೋ ತರಬೇತಿ ಕೊಟ್ಟರು, ಉಳಿದವು ಇದ್ದಂಗೇ ನಡೆದವು. ಒಟ್ಟು 17,046 ತಾಯಿ-ಮಗು ಜೋಡಿ. ಪ್ರೋಬಿಟ್ ಅಂತ ಇದರ ಹೆಸರು. ಮೂರನೇ ತಿಂಗಳಲ್ಲಿ ತರಬೇತಿ ಸಿಕ್ಕ ಕಡೆ ಶೇ. 43.3 ಮಕ್ಕಳು ಬರೀ ಎದೆಹಾಲಲ್ಲಿದ್ದರು, ಇನ್ನೊಂದು ಕಡೆ ಶೇ. 6.4. ಹೀಗೆ ಹೋಲಿಸೋಕೆ ಸಮನಾದ ಎರಡು ಗುಂಪು ಸಿಕ್ಕಿತು.

ಫಲಿತಾಂಶ ನೋಡಿ. ಮೊದಲ ವರ್ಷದಲ್ಲಿ ಭೇದಿಯಂಥ ಹೊಟ್ಟೆಯ ಸೋಂಕು ಶೇ. 13.2ರಿಂದ 9.1ಕ್ಕೆ ಇಳೀತು. ಎಕ್ಸಿಮಾ ಶೇ. 6.3ರಿಂದ 3.3ಕ್ಕೆ. ಚಪ್ಪಾಳೆ ತಟ್ಟಬೇಕಾದ ಅಂಕಿಗಳು. ಆರೂವರೆ ವರ್ಷಕ್ಕೆ ಅದೇ ಮಕ್ಕಳನ್ನ ಮತ್ತೆ ಕರೆದು ನೋಡಿದಾಗ ಅಸ್ತಮಾ, ಮೂಗಿನ ಅಲರ್ಜಿ, ಎಕ್ಸಿಮಾ ಯಾವುದರಲ್ಲೂ ರಕ್ಷಣೆ ಕಾಣಲಿಲ್ಲ. ಹದಿನಾರು ವರ್ಷಕ್ಕೆ ಮೂರನೇ ಸಲ ನೋಡಿದರು. ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಬರೋ ಎಕ್ಸಿಮಾ ಒಂದು ಕಡೆ ಶೇ. 0.3, ಇನ್ನೊಂದು ಕಡೆ ಶೇ. 0.7. ಅಂದರೆ ಸಾವಿರಕ್ಕೆ ಏಳರ ಬದಲು ಮೂರು. ಶ್ವಾಸಕೋಶದ ಶಕ್ತಿಯಲ್ಲಿ ವ್ಯತ್ಯಾಸ ಇಲ್ಲ. ಇದರ ಮಿತಿಯನ್ನೂ ಹೇಳಬೇಕು. ಇಲ್ಲಿ ಎಲ್ಲಾ ತಾಯಂದಿರೂ ಹಾಲೂಡಿಸೋಕೆ ಶುರು ಮಾಡಿದವರೇ. ಹಾಗಾಗಿ ಇದು ಹೆಚ್ಚು ಎದೆಹಾಲಿಗೂ ಕಡಿಮೆ ಎದೆಹಾಲಿಗೂ ನಡುವಿನ ಹೋಲಿಕೆ, ಬಾಟಲಿಗೂ ಎದೆಗೂ ನಡುವಿನದ್ದಲ್ಲ.

ಇನ್ನು ಎದೆಹಾಲಿನ ಪರವಾಗಿ ಬಂದ ಅತಿ ದೊಡ್ಡ ದಾಖಲೆಗೇ ಹೋಗೋಣ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಸ್ತನ್ಯಪಾನದ ಮೇಲೆ ಲೇಖನ ಸರಣಿ ಪ್ರಕಟಿಸಿತು. ಜಗತ್ತಿನಲ್ಲಿ ಬಹುತೇಕ ಎಲ್ಲಾ ಮಕ್ಕಳಿಗೂ ಎದೆಹಾಲು ಸಿಕ್ಕರೆ ವರ್ಷಕ್ಕೆ ಐದು ವರ್ಷದೊಳಗಿನ 8,23,000 ಮಕ್ಕಳ ಸಾವು, ಸ್ತನ ಕ್ಯಾನ್ಸರಿನಿಂದ 20,000 ತಾಯಂದಿರ ಸಾವು ತಪ್ಪಬಹುದು ಅನ್ನೋ ಅಂದಾಜು ಅದರದ್ದೇ. ಅದೇ ಲೇಖನದ ಸಾರಾಂಶದಲ್ಲಿ ಅಸ್ತಮಾದಂಥ ಅಲರ್ಜಿ ತೊಂದರೆಗಳ ಜೊತೆ ಸಂಬಂಧ ಕಾಣಲಿಲ್ಲ ಅಂತಾನೂ ನೇರವಾಗಿ ಬರೆದಿದಾರೆ. ಗಮನಿಸಿ, ಎದೆಹಾಲಿನ ಅತ್ಯಂತ ದೊಡ್ಡ ವಕೀಲರೇ ಅಲರ್ಜಿಯನ್ನ ತಮ್ಮ ಪಟ್ಟಿಯಿಂದ ಕೈಬಿಟ್ಟಿದಾರೆ. ನಮ್ಮ ಪೋಸ್ಟರ್ ಮಾತ್ರ ಹಿಡ್ಕೊಂಡಿದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇವರಷ್ಟು ಪೂರ್ತಿ ಕೈಬಿಟ್ಟಿಲ್ಲ. 2019ರ ಅದರ ವರದಿಯ ಸಾರ ಇಷ್ಟು: ಮೊದಲ ಮೂರ್ನಾಲ್ಕು ತಿಂಗಳು ಬರೀ ಎದೆಹಾಲು ಕುಡಿದರೆ ಮೊದಲೆರಡು ವರ್ಷದ ಎಕ್ಸಿಮಾ ಕಡಿಮೆ ಆಗುತ್ತೆ, ಆಮೇಲೂ ಎದೆಹಾಲು ಮುಂದುವರಿದರೆ ಮೊದಲೆರಡು ವರ್ಷದ ಗೊರಗೊರ ಉಸಿರಾಟ ಕಡಿಮೆ, ಇನ್ನೂ ಹೆಚ್ಚು ದಿನ ಕೊಟ್ಟರೆ ಅಸ್ತಮಾದಿಂದಲೂ ಸ್ವಲ್ಪ ರಕ್ಷಣೆ ಸಿಗಬಹುದು, ಆಹಾರದ ಅಲರ್ಜಿ ತಡೆಯುತ್ತೋ ಇಲ್ವೋ ಅಂತ ತೀರ್ಮಾನ ಹೇಳೋಕೆ ಆಗಲ್ಲ. ದೊಡ್ಡ ದೊಡ್ಡ ತಜ್ಞರೇ ಅಸ್ತಮಾದ ಬಗ್ಗೆ ಹೀಗೆ ಬೇರೆ ಬೇರೆ ಮಾತಾಡ್ತಿರೋವಾಗ, "ಬರಲ್ಲ" ಅನ್ನೋ ಕ್ರಿಯಾಪದ ಈ ವಾಕ್ಯಕ್ಕೆ ಎಲ್ಲಿಂದ ಸಿಕ್ತು? "ಬರಲ್ಲ" ಅನ್ನೋದಕ್ಕೂ "ಚಿಕ್ಕಂದಿನಲ್ಲಿ ಕೆಲವು ಬಗೆಯದು ಕಡಿಮೆ ಆಗಬಹುದು" ಅನ್ನೋದಕ್ಕೂ ಮೆಜೆಸ್ಟಿಕ್ಕಿಗೂ ದೇವನಹಳ್ಳಿಗೂ ಇರೋಷ್ಟು ದೂರ ಇದೆ.

"ಒಳ್ಳೇದಕ್ಕೆ ತಾನೆ ಹೇಳೋದು, ಸ್ವಲ್ಪ ಉತ್ಪ್ರೇಕ್ಷೆ ಇದ್ರೆ ಏನೀಗ?" ಅಂತ ನಮ್ಮ ಟೀಮಿನ ಒಬ್ಬ ಹುಡುಗ ಊಟದ ಹೊತ್ತಲ್ಲಿ ಕೇಳಿದ. ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಅಡುಗೆಮನೆಯಲ್ಲಿದೆ.

ಮಗಳಿಗೆ ನಾಲ್ಕನೇ ತಿಂಗಳಲ್ಲಿ ಕೆನ್ನೆ ಕೆಂಪಾಯ್ತು. ಆಮೇಲೆ ಮೊಣಕೈ, ಕತ್ತಿನ ಸಂದು. ರಾತ್ರಿಯೆಲ್ಲಾ ಕೆನ್ನೆಯನ್ನ ನನ್ನ ಭುಜಕ್ಕೆ ಉಜ್ಜೋಳು. ನೋಡೋಕೆ ಬಂದ ನೆಂಟರದ್ದೆಲ್ಲಾ ಒಂದೇ ಮಾತು: "ಎದೆಹಾಲು ಕುಡಿಯೋ ಮಗುಗೆ ಹಿಂಗಾಗಬಾರದಲ್ಲ. ನಂಜಿನ ಪದಾರ್ಥ ಏನಾದ್ರೂ ತಿಂದ್ಯೇನೇ?" ಬದನೆಕಾಯಿ ತಿಂದಿದ್ದೆನಾ, ಕುಂಬಳಕಾಯಿ ತಿಂದಿದ್ದೆನಾ ಅಂತ ವಿಚಾರಣೆ. ತೋರಿಸಿದ ಮೊದಲ ಡಾಕ್ಟರು ನಾಲ್ಕು ನಿಮಿಷ ನೋಡಿ, ಒಂದು ಚೀಟಿಯಲ್ಲಿ ನಾನು ಬಿಡಬೇಕಾದ ಪಟ್ಟಿ ಬರೆದುಕೊಟ್ಟರು: ಹಾಲು, ಮೊಸರು, ತುಪ್ಪ, ಮೊಟ್ಟೆ, ಕಡಲೆಕಾಯಿ, ಗೋಧಿ. ಎಷ್ಟು ದಿನ ಅಂತ ಬರೆಯಲಿಲ್ಲ. ಎರಡು ತಿಂಗಳು ಅನ್ನ, ಮೆಣಸಿನ ಸಾರು, ಹೀರೆಕಾಯಿ ಪಲ್ಯ. ದಿನಕ್ಕೆ ಹತ್ತು ಸಲ ಹಾಲೂಡಿಸೋ ಹೆಂಗಸು ಹೊಟ್ಟೆಗಿಲ್ಲದೆ ರಾತ್ರಿ ಮೂರಕ್ಕೆ ಎದ್ದು ಕೂತ್ಕೊಳ್ಳೋದು ಹೇಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು. ನನ್ನ ತೂಕ ಇಳೀತು, ಮಗಳ ಕೆನ್ನೆ ಹಾಗೇ ಇತ್ತು. ಆಮೇಲೆ ಸಿಕ್ಕ ಚರ್ಮದ ಡಾಕ್ಟರು ಪಟ್ಟಿಯನ್ನ ಪಕ್ಕಕ್ಕಿಟ್ಟರು. ದಿನಕ್ಕೆ ಮೂರು ಸಲ ದಪ್ಪಗೆ ಮಾಯಿಶ್ಚರೈಸರ್, ಕೆಂಪಾದ ಕಡೆ ಸ್ವಲ್ಪ ದಿನ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಮುಲಾಮು, ಬಿಸಿ ನೀರಿನ ಬದಲು ಉಗುರುಬೆಚ್ಚಗಿನ ಸ್ನಾನ. ಎರಡು ವಾರದಲ್ಲಿ ಮಗಳು ರಾತ್ರಿ ನಿದ್ದೆ ಮಾಡಿದಳು. "ನೀವು ಮೊದಲು ಮೊಸರನ್ನ ಊಟ ಮಾಡಿ" ಅಂದರು ಆ ಡಾಕ್ಟರಮ್ಮ.

ಇದು ನನ್ನೊಬ್ಬಳ ಕತೆ ಆಗಿದ್ರೆ ಬರೀತಿರಲಿಲ್ಲ. ಆಫೀಸಿನ ಪಂಪಿಂಗ್ ರೂಮಿನಲ್ಲಿ ಕೂತು ಮಾತಾಡಿದ ಹೆಂಗಸರಲ್ಲಿ ಮೂರು ಜನರ ಹತ್ತಿರ ಇಂಥದ್ದೇ ಪಟ್ಟಿ ಇತ್ತು. ಈ ಪಟ್ಟಿಗೆ ಆಧಾರ ಎಲ್ಲಿದೆ ಅಂತ ಹುಡುಕಿಕೊಂಡು ಹೋದರೆ ಒಂದು ವಿಚಿತ್ರ ಪ್ರಬಂಧ ಸಿಗುತ್ತೆ.

ರಂಜಿತ್ ಚಂದ್ರ ಅಂತ ಭಾರತ ಮೂಲದ ವಿಜ್ಞಾನಿ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿದ್ದವರು, ಪೋಷಣೆ ಮತ್ತು ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಜಗತ್ಪ್ರಸಿದ್ಧರು. 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಪ್ರಬಂಧ ಬಂತು. ಹಾಲೂಡಿಸೋ ತಾಯಿ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಬಿಟ್ಟರೆ ಮಗುವಿಗೆ ಎಕ್ಸಿಮಾ ಕಡಿಮೆ ಆಗುತ್ತೆ ಅಂತ ಒಂದು ಭಾಗ. ಎದೆಹಾಲು ಕೊಡದವರು ಪ್ರೋಟೀನನ್ನ ಮೊದಲೇ ಚೂರು ಮಾಡಿದ ವಿಶೇಷ ಡಬ್ಬಿ ಹಾಲು ಕೊಟ್ಟರೆ ಅದರಿಂದಲೂ ಎಕ್ಸಿಮಾ ಕಡಿಮೆ ಅಂತ ಇನ್ನೊಂದು ಭಾಗ. ಅವರ ಜೊತೆ ಕೆಲಸ ಮಾಡ್ತಿದ್ದ ನರ್ಸ್ ಮರಿಲಿನ್ ಹಾರ್ವೆ 1990ರ ದಶಕದ ಮೊದಲಲ್ಲೇ ಅವರ ಅಧ್ಯಯನಗಳ ಬಗ್ಗೆ ದೂರು ಕೊಟ್ಟರು. ವಿಶ್ವವಿದ್ಯಾಲಯದ ಸಮಿತಿ ತನಿಖೆ ಮಾಡಿ ವೈಜ್ಞಾನಿಕ ದುರ್ನಡತೆ ನಡೆದಿದೆ ಅಂದಿತು, ಆದರೆ ಆ ವರದಿ ವರ್ಷಗಟ್ಟಲೆ ಹೊರಗೆ ಬರಲಿಲ್ಲ. 2006ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಇದರ ಮೇಲೆ ಕಾರ್ಯಕ್ರಮ ಮಾಡಿತು, ಅವರು ಮಾನನಷ್ಟ ಮೊಕದ್ದಮೆ ಹೂಡಿದರು, 2015ರಲ್ಲಿ ಸೋತರು. ಅದೇ ವರ್ಷ ಆ ಪತ್ರಿಕೆ 1989ರ ಪ್ರಬಂಧವನ್ನ ಹಿಂತೆಗೆದುಕೊಂಡಿತು. ಇಪ್ಪತ್ತಾರು ವರ್ಷ ಆಗಿತ್ತು. ಅಷ್ಟು ವರ್ಷ ಆ ಮಾತನ್ನ ನಂಬಿ ಎಷ್ಟು ಅಡುಗೆಮನೆಗಳಲ್ಲಿ ಮೊಸರಿನ ಪಾತ್ರೆ ಪಕ್ಕಕ್ಕೆ ಸರಿದಿರಬಹುದು, ಲೆಕ್ಕ ಹಾಕಿ.

ಈ ಒಂದು ಪ್ರಬಂಧದಲ್ಲೇ ನನ್ನ ವಾದ ಪೂರ್ತಿ ಸಿಗುತ್ತೆ. ಅಲರ್ಜಿ ತಡೆಯೋದೇ ಎದೆಹಾಲಿನ ದೊಡ್ಡ ಗುಣ ಅಂತ ಮಾರಿದ ಕೂಡಲೇ ಎರಡು ಬಾಗಿಲು ತೆರೆದುಕೊಳ್ಳುತ್ತೆ. ಒಂದರಲ್ಲಿ, ಅಲರ್ಜಿ ಬಂದರೆ ಹಾಲು ಕೆಟ್ಟಿರಬೇಕು, ಹಾಲು ಕೆಟ್ಟಿದ್ರೆ ಅಮ್ಮ ಏನೋ ತಿಂದಿರಬೇಕು. ಇನ್ನೊಂದರಲ್ಲಿ, ಅದೇ ಗುಣವನ್ನ ಡಬ್ಬಿಗೂ ತುಂಬಿ ಮಾರಬಹುದು. ನೆಸ್ಲೆ ಬಳಗದ ಗರ್ಬರ್ ಕಂಪನಿ ಅಮೆರಿಕದಲ್ಲಿ ತನ್ನ ಗುಡ್ ಸ್ಟಾರ್ಟ್ ಜೆಂಟಲ್ ಡಬ್ಬಿ ಹಾಲು ಅಲರ್ಜಿಯ ಅಪಾಯ ಕಡಿಮೆ ಮಾಡುತ್ತೆ ಅಂತ ಜಾಹೀರಾತು ಕೊಟ್ಟಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿತು. 2016ರಲ್ಲಿ ಇಂಥ ಡಬ್ಬಿ ಹಾಲಿನ ಪ್ರಯೋಗಗಳನ್ನೆಲ್ಲಾ ಒಟ್ಟಿಗೆ ತೂಗಿ ನೋಡಿದ ವಿಮರ್ಶೆ, ಇವು ಅಲರ್ಜಿ ತಡೀತಾವೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಅಂದಿತು. ನಮ್ಮಲ್ಲಿ 1992ರ ಕಾಯ್ದೆಯ ಪುಣ್ಯದಿಂದ ಶಿಶುವಿನ ಡಬ್ಬಿ ಹಾಲಿಗೆ ಜಾಹೀರಾತೇ ಕೊಡೋ ಹಾಗಿಲ್ಲ. ಆದರೆ ವಿದೇಶದಿಂದ ಬರೋ ನೆಂಟರ ಸೂಟ್‌ಕೇಸಿಗೆ ಆ ಕಾಯ್ದೆ ಅನ್ವಯಿಸಲ್ಲ.

ತಾಯಿಯ ಪಥ್ಯದ ಬಗ್ಗೆ ಇನ್ನೊಂದು ಮಾತು. ಬಸುರಿಯಲ್ಲಿ, ಬಾಣಂತನದಲ್ಲಿ ಅಮ್ಮ ಹಾಲು, ಮೊಟ್ಟೆಯಂಥವನ್ನ ಬಿಟ್ಟರೆ ಮಗುವಿನ ಅಲರ್ಜಿ ತಡೆಯಬಹುದಾ ಅಂತ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ ನೋಡಿದೆ. ತಡೆಯುತ್ತೆ ಅನ್ನೋಕೆ ಆಧಾರ ಸಿಗಲಿಲ್ಲ. ಹಾಗಂತ ಪಥ್ಯ ಯಾವಾಗಲೂ ಸುಳ್ಳು ಅಂತಲ್ಲ. ಎದೆಹಾಲು ಕುಡಿಯೋ ಕೆಲವು ಕೂಸುಗಳಿಗೆ ಅಮ್ಮ ಕುಡಿದ ಹಸುವಿನ ಹಾಲಿನ ಪ್ರೋಟೀನ್ ಆಗಿಬರಲ್ಲ, ಮಲದಲ್ಲಿ ರಕ್ತದ ಎಳೆ ಕಾಣುತ್ತೆ. ಆಗ ಡಾಕ್ಟರು ಅಮ್ಮನಿಗೆ ಹಾಲಿನ ಪದಾರ್ಥ ಬಿಡಿಸ್ತಾರೆ. ಆದರೆ ಅದಕ್ಕೊಂದು ಕ್ರಮ ಇದೆ. ಎರಡರಿಂದ ನಾಲ್ಕು ವಾರ ಬಿಡೋದು, ಮಗು ಸರಿಹೋಯ್ತಾ ನೋಡೋದು, ಮತ್ತೆ ತಿಂದು ಪರೀಕ್ಷೆ ಮಾಡೋದು, ಬಿಟ್ಟಿರೋಷ್ಟು ದಿನ ಕ್ಯಾಲ್ಸಿಯಂ ತಗೊಳ್ಳೋದು. ಕೊನೆಯ ದಿನಾಂಕ ಇಲ್ಲದ ಪಟ್ಟಿ ಚಿಕಿತ್ಸೆ ಅಲ್ಲ, ಶಿಕ್ಷೆ.

ಈ ಭಯ ಅಮ್ಮನ ತಟ್ಟೆಯಿಂದ ಮಗುವಿನ ಬಟ್ಟಲಿಗೂ ಇಳಿಯುತ್ತೆ. 2000ದಲ್ಲಿ ಅದೇ ಅಮೆರಿಕದ ಅಕಾಡೆಮಿ, ಅಲರ್ಜಿ ಇರೋ ಮನೆತನದ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಕಡಲೆಕಾಯಿ ಮತ್ತು ಮೀನು ಬೇಡ ಅಂತ ಹೇಳಿತ್ತು. 2008ರಲ್ಲಿ ಆಧಾರ ಇಲ್ಲ ಅಂತ ಆ ಮಾತಿನಿಂದ ಹಿಂದೆ ಸರೀತು. ಅದೇ ವರ್ಷ ಬಂದ ಒಂದು ಹೋಲಿಕೆ ಕುತೂಹಲದ್ದು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಶೇ. 1.85, ಇಸ್ರೇಲಿನ ಯಹೂದಿ ಮಕ್ಕಳಲ್ಲಿ ಶೇ. 0.17. ಇಸ್ರೇಲಿನ ಕೂಸುಗಳು ಹಲ್ಲು ಬರೋ ವಯಸ್ಸಿನಲ್ಲೇ ಬಂಬಾ ಅನ್ನೋ ಕಡಲೆಕಾಯಿ ಕುರುಕಲು ಚೀಪ್ತಾವೆ. 2015ರಲ್ಲಿ ಲಂಡನ್ನಿನ ಲೀಪ್ ಪ್ರಯೋಗ ಇದನ್ನ ಚೀಟಿ ಎತ್ತಿ ಪರೀಕ್ಷಿಸಿತು. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳಿನ 640 ಕೂಸುಗಳು. ಶುರುವಿನಲ್ಲಿ ಚರ್ಮದ ಪರೀಕ್ಷೆಯಲ್ಲಿ ಕಡಲೆಕಾಯಿಗೆ ಪ್ರತಿಕ್ರಿಯೆ ತೋರಿಸದ ಮಕ್ಕಳ ಲೆಕ್ಕ ಇದು: ಕಡಲೆಕಾಯಿ ತಿನ್ನಿಸದೇ ಬಿಟ್ಟ ಗುಂಪಿನಲ್ಲಿ ಐದು ವರ್ಷಕ್ಕೆ ಶೇ. 13.7 ಮಕ್ಕಳಿಗೆ ಆ ಅಲರ್ಜಿ, ತಿಂದ ಗುಂಪಿನಲ್ಲಿ ಶೇ. 1.9. ಎಚ್ಚರಿಕೆ ಅಂತ ತಿಳಿದು ಮಾಡಿದ್ದೇ ತೊಂದರೆ ಹೆಚ್ಚಿಸಿತ್ತು.

ಇದಕ್ಕಾಗಿ ಆರು ತಿಂಗಳು ಬರೀ ಎದೆಹಾಲು ಅನ್ನೋ ನಿಯಮ ಮುರೀಬೇಕಾಗಿಲ್ಲ. ನೀರು ಶುದ್ಧ ಇದೆಯೋ ಇಲ್ವೋ ಅಂತ ಖಾತ್ರಿ ಇಲ್ಲದ ನಮ್ಮಂಥ ಊರುಗಳಲ್ಲಿ ಆ ನಿಯಮ ಬಂಗಾರ. ಆರು ತಿಂಗಳಾದ ಮೇಲೆ ರಾಗಿ ಸರಿಯ ಜೊತೆ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿ ವಿನಾಕಾರಣ ಮುಂದೂಡಬೇಡಿ ಅಂತಷ್ಟೇ. ಇಡೀ ಕಡಲೆಬೀಜ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತೆ. ಜೋರು ಎಕ್ಸಿಮಾ ಇರೋ ಮಗುವಾದ್ರೆ ಡಾಕ್ಟರನ್ನ ಕೇಳಿ ಶುರು ಮಾಡಿ.

ನಮ್ಮಂಥ ಸಂಬಳದಾರರಿಗೆ ಈಗ ಇನ್ನೊಂದು ಆಕರ್ಷಣೆ ಇದೆ: ಅಲರ್ಜಿ ಪ್ಯಾನೆಲ್. ಒಂದು ಹನಿ ರಕ್ತ, ನೂರು ಪದಾರ್ಥದ ರಿಪೋರ್ಟ್, ಕೆಂಪು ಅಕ್ಷರದಲ್ಲಿ ಇಪ್ಪತ್ತು "ಪಾಸಿಟಿವ್". ಇದನ್ನ ಓದೋ ಮುಂಚೆ ನಮ್ಮದೇ ರಾಜ್ಯದ ಒಂದು ಅಧ್ಯಯನ ತಿಳ್ಕೊಂಡಿರಿ. ಕರ್ನಾಟಕದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ. 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಇತ್ತು. ನಿಜವಾದ ಆಹಾರದ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ರಕ್ತದಲ್ಲಿ ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ತಿಂದರೆ ಆಗಲ್ಲ ಅಂತಲ್ಲ. ರಿಪೋರ್ಟ್ ನೋಡಿ ಮಗುವಿನ ತಟ್ಟೆ ಖಾಲಿ ಮಾಡೋ ಮೊದಲು ಈ ಎರಡು ಅಂಕಿ ನೆನಪಿರಲಿ.

ಕೊನೆಯದಾಗಿ, ಈ ವಾಕ್ಯ ಮರೆಸೋ ವಿಷಯ. ಬೆಂಗಳೂರಿನ ಮಕ್ಕಳ ತಜ್ಞ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅಸ್ತಮಾ ಶೇ. 9, 1999ರಲ್ಲಿ ಶೇ. 29.5. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದ್ದಲ್ಲ, ನಿಜ. ಆದರೆ ಆ ಇಪ್ಪತ್ತು ವರ್ಷದಲ್ಲಿ ಈ ಊರಿನಲ್ಲಿ ಬದಲಾಗಿದ್ದು ಬರೀ ಅಮ್ಮಂದಿರ ಊಟವಾ? ಪರಮೇಶ್ ಅವರು ಬೊಟ್ಟು ಮಾಡಿದ್ದು ವಾಹನಗಳು ಮತ್ತು ನಗರದ ಬೆಳವಣಿಗೆಯ ಕಡೆಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆಗೆ ಜವಾಬ್ದಾರರು ಯಾರು ಅಂತ ಕೇಳಿದರೆ ಹತ್ತು ಇಲಾಖೆ ಒಬ್ಬರನ್ನೊಬ್ಬರು ತೋರಿಸ್ತಾರೆ. ಎದೆಹಾಲಿಗೆ ಜವಾಬ್ದಾರಳು ಒಬ್ಬಳೇ, ಮನೆಯಲ್ಲೇ ಸಿಗ್ತಾಳೆ, ತಿರುಗಿ ಮಾತಾಡೋ ತ್ರಾಣವೂ ಅವಳಿಗೆ ಇರಲ್ಲ. ತಪ್ಪು ಅವಳ ತಲೆಗೆ ಕಟ್ಟೋದು ಎಲ್ಲರಿಗೂ ಅನುಕೂಲ.

ಹಾಗಾದ್ರೆ ಪೋಸ್ಟರಲ್ಲಿ ಏನು ಬರೀಬೇಕು? ಇರೋದನ್ನೇ ಬರೀರಿ, ಅದೇ ಬೇಕಾದಷ್ಟಿದೆ. ಭೇದಿ ಕಡಿಮೆ, ನ್ಯುಮೋನಿಯಾ ಕಡಿಮೆ, ಮಕ್ಕಳ ಸಾವು ಕಡಿಮೆ, ಅಮ್ಮನಿಗೆ ಸ್ತನ ಕ್ಯಾನ್ಸರ್ ಕಡಿಮೆ, ಖರ್ಚು ಕಡಿಮೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: "ಹಾಲೂಡಿಸಿದ ಮೇಲೂ ಅಲರ್ಜಿ ಬರಬಹುದು. ಅದು ಅಮ್ಮನ ತಪ್ಪಲ್ಲ." ಆಸ್ಪತ್ರೆಯವರು ಆ ಸಾಲು ಹಾಕ್ತಾರೋ ಇಲ್ವೋ, ನಾವಂತೂ ಶುರು ಮಾಡಬಹುದು. 26 ವಾರದ ರಜೆ ಮುಗಿಸಿ ಆಫೀಸಿಗೆ ಬರೋ ಹೆಂಗಸಿಗೆ ಪಂಪ್ ಮಾಡೋಕೆ ಬಾಗಿಲು ಹಾಕಿಕೊಳ್ಳೋ ಒಂದು ರೂಮು, ಹಾಲಿಡೋಕೆ ಫ್ರಿಡ್ಜಿನಲ್ಲಿ ಒಂದು ಶೆಲ್ಫು ಕೊಡಿಸಿ. ಬೆಲಾರೂಸಿನ ಆ ಅಂಕಿಗಳು ಬದಲಾಗಿದ್ದು ಸಿಬ್ಬಂದಿಗೆ ಕೊಟ್ಟ ತರಬೇತಿಯಿಂದ, ತಾಯಂದಿರಿಗೆ ಸಿಕ್ಕ ನೆರವಿನಿಂದ. ಅಮ್ಮಂದಿರನ್ನ ಹೆದರಿಸಿ ಅಲ್ಲ.

ಮುಂದಿನ ಸಲ ಕೆನ್ನೆ ಕೆಂಪಾದ ಕೂಸನ್ನ ಎತ್ತಿಕೊಂಡ ಅಮ್ಮ ಎದುರಾದ್ರೆ "ಏನು ತಿಂದೆ?" ಅಂತ ಕೇಳಬೇಡಿ. "ಊಟ ಆಯ್ತಾ?" ಅಂತ ಕೇಳಿ. ಬಹಳ ಸಲ ಆಗಿರಲ್ಲ.